ಇಡೀ ಖಂಡದ ಬಾಯಿಗೆ ಒಂದೇ ಮಾತು ತುರುಕಬೇಡ

ಪ್ರೀತಿಯ ತಂಗಿ,

ನಿನ್ನ ಲೇಖನ ನಿಧಾನವಾಗಿ ಓದಿದೆ. ಬರವಣಿಗೆ ಸರಾಗವಾಗಿದೆ, ಎಲ್ಲೂ ಎಡವುವುದಿಲ್ಲ. ನನ್ನ ತಕರಾರು ಇರುವುದು ‘ಆಫ್ರಿಕಾದ ತತ್ವಚಿಂತನೆ ಹೇಳುತ್ತದೆ’ ಅನ್ನುವ ಮಾತಿನ ಬಗ್ಗೆ. ಪುಟಕ್ಕೊಂದು ಸಲ ಬರುತ್ತದೆ. ಯಾರು ಹೇಳಿದ್ದು? ಯಾವ ಊರಲ್ಲಿ? ಯಾರ ಜೊತೆ ಜಗಳಕ್ಕೆ ನಿಂತು? ಅದು ಮಾತ್ರ ಎಲ್ಲೂ ಇಲ್ಲ.

ಹೀಗೆ ಸಾರಾಸಗಟಾಗಿ ಹೇಳುವ ಚಾಳಿ ಹಳೆಯದು. ಕಾಂಗೋದಲ್ಲಿದ್ದ ಬೆಲ್ಜಿಯಂನ ಪಾದ್ರಿ ಪ್ಲಾಸಿಡ್ ಟೆಂಪೆಲ್ಸ್ 1945ರಲ್ಲಿ ಬಂಟು ಭಾಷೆಗಳನ್ನಾಡುವ ಆಫ್ರಿಕಾದ ಜನರೆಲ್ಲರ ತತ್ವ ಇದು ಅಂತ ಒಂದು ಪುಸ್ತಕವನ್ನೇ ತಂದರು. ಬೆನಿನ್ ದೇಶದ ತತ್ವಜ್ಞ ಪೌಲಿನ್ ಹುಂಟೊಂಜಿ ಮುಂದೆ ಇದನ್ನು ಹಿಡಿದು ಜಾಡಿಸಿದರು. ಒಂದು ಜನಾಂಗ ಪೂರ್ತಿ ಒಂದೇ ಯೋಚನೆ ಮಾಡುತ್ತದೆ ಅನ್ನುವುದೇ ಕಟ್ಟುಕತೆ, ತತ್ವ ಅಂದರೆ ತನ್ನ ಹೆಸರಿಟ್ಟು ವಾದ ಮಾಡುವವರ ಕೆಲಸ ಅನ್ನುವುದು ಅವರ ಪಟ್ಟು. ನೀನು ಈ ಪಟ್ಟು ಒಪ್ಪಲೇಬೇಕಂತಿಲ್ಲ. ಆದರೆ ಅವರ ಎದುರು ನಿಂತು ಉತ್ತರ ಕೊಡುವಷ್ಟು ತಯಾರಿಯಾದರೂ ಬೇಕು.

ಉಬುಂಟು ಅನ್ನುವ, ದಕ್ಷಿಣ ಆಫ್ರಿಕಾ ಕಡೆಯ ಮನುಷ್ಯತ್ವದ ಕಲ್ಪನೆಯ ಬಗ್ಗೆ ನಾಲ್ಕು ಪುಟ ಬರೆದಿದ್ದೀಯ. ‘ಒಬ್ಬರಿಂದ ಒಬ್ಬರು ಮನುಷ್ಯರಾಗುತ್ತೇವೆ’ ಅನ್ನುವುದು ಯಾರಿಗೆ ಬೇಡ? ಓದುಗರು ತಲೆಯಾಡಿಸುತ್ತಾರೆ, ಮುಂದಿನ ಪುಟಕ್ಕೆ ಹೋಗುತ್ತಾರೆ. ಅದನ್ನು ಕೋರ್ಟಿಗೆ ಕರೆದುಕೊಂಡು ಹೋಗು. ಬಿಳಿಯರ ವರ್ಣಭೇದ ಆಡಳಿತ ಮುಗಿಸಲು ತಂದ ದಕ್ಷಿಣ ಆಫ್ರಿಕಾದ 1993ರ ಮಧ್ಯಂತರ ಸಂವಿಧಾನದ ಕೊನೆಯಲ್ಲಿ ಒಂದು ಸಾಲಿದೆ: ಸೇಡಲ್ಲ, ಅರಿವು ಬೇಕು, ಬಲಿ ತೆಗೆದುಕೊಳ್ಳುವುದಲ್ಲ, ಉಬುಂಟು ಬೇಕು ಅನ್ನುವ ಅರ್ಥದ್ದು. ಮರಣದಂಡನೆ ಇರಬೇಕೋ ಬೇಡವೋ ಅಂತ ಮಾತ್ರ ಆ ಸಂವಿಧಾನ ಹೇಳಲಿಲ್ಲ, ಕೋರ್ಟಿನ ತಲೆಗೆ ಕಟ್ಟಿತು. 1995ರ ಜೂನ್‌ನಲ್ಲಿ ಹೊಸ ಸಾಂವಿಧಾನಿಕ ನ್ಯಾಯಾಲಯದ 11 ನ್ಯಾಯಮೂರ್ತಿಗಳೂ ಗಲ್ಲು ಶಿಕ್ಷೆಯಾಗಿದ್ದ ಕೊಲೆಗಾರರ ಮಕ್ವನ್ಯಾನೆ ಪ್ರಕರಣದಲ್ಲಿ ಗಲ್ಲು ಬೇಡ ಅಂದರು. ಮೊಕ್ಗೊರೊ, ಲಾಂಗಾ, ಮದಾಲಾ ಮುಂತಾದವರು ಆ ಸಾಲನ್ನೇ ಎತ್ತಿಕೊಂಡು ಬರೆದರು.

ಇಲ್ಲೇ ಒಂದು ಇಕ್ಕಟ್ಟಿದೆ ನೋಡು. ದೇಶದ ಹೆಚ್ಚಿನ ಜನರಿಗೆ ಗಲ್ಲು ಬೇಕು ಅಂತಲೇ ಇಟ್ಟುಕೊಂಡರೂ ನಮ್ಮ ತೀರ್ಮಾನ ಬದಲಾಗುವುದಿಲ್ಲ ಎಂದು ಆ ಕೋರ್ಟಿನ ಮುಖ್ಯಸ್ಥ ಆರ್ಥರ್ ಚಾಸ್ಕಲ್ಸನ್ ಬರೆದರು. ಅಲ್ಲ, ಯಾವ ಜನರ ಮೌಲ್ಯ ಅಂತ ಉಬುಂಟುವನ್ನು ಎತ್ತಿದರೋ ಆ ಜನರೇ ಗಲ್ಲು ಕೇಳಿದರೆ? ಮೌಲ್ಯ ಅನ್ನುವುದು ಜನ ಈಗ ಏನು ಬಯಸುತ್ತಾರೋ ಅದಾ, ಅಥವಾ ತಾವು ಹೇಗಿರಬೇಕು ಅಂದುಕೊಂಡಿರುತ್ತಾರೋ ಅದಾ? ನಿನ್ನ ಲೇಖನ ಶುರುವಾಗಬೇಕಾದ್ದು ಈ ಪ್ರಶ್ನೆಯಿಂದ.

ಮುಂದಿನ ವರ್ಷವೇ ಅದೇ ಸಾಲು ಅದೇ ಕೋರ್ಟಿಗೆ ಮತ್ತೆ ಬಂತು. ಈ ಸಲ ಬಂದವರು ಕೊಲೆಗಾರರಲ್ಲ, ಕೊಲೆಯಾದವರ ಮನೆಯವರು. ವರ್ಣಭೇದದ ವಿರುದ್ಧ ಹೋರಾಡಿದ ಸ್ಟೀವ್ ಬಿಕೋ 1977ರಲ್ಲಿ ಪೊಲೀಸರ ವಶದಲ್ಲಿದ್ದಾಗ ಸತ್ತವರು. ಅವರ ಹೆಂಡತಿಯೂ ಅರ್ಜಿದಾರರಲ್ಲಿ ಒಬ್ಬರು. ರಾಜಕೀಯ ಕಾರಣಕ್ಕೆ ಮಾಡಿದ ಅಪರಾಧವನ್ನು ಪೂರ್ತಿ ಬಾಯಿಬಿಟ್ಟು ಹೇಳಿದವರಿಗೆ ಕ್ಷಮೆ ಅಂತ ಹೊಸ ಕಾನೂನು ಬಂದಿತ್ತು. ಕ್ಷಮೆ ಸಿಕ್ಕರೆ ಜೈಲೂ ಇಲ್ಲ, ಪರಿಹಾರಕ್ಕೆ ದಾವೆ ಹಾಕುವ ಹಾಗೂ ಇಲ್ಲ. ನಮ್ಮ ಹಕ್ಕು ಕಿತ್ತುಕೊಂಡು ರಾಜಿ ಮಾಡಿಸಲು ನೀವ್ಯಾರು ಅಂತ ಮನೆಯವರು ಕೇಳಿದರು. ಸೋತರು. ತೀರ್ಪು ಬರೆದ ನ್ಯಾಯಮೂರ್ತಿ ಮಹೊಮೆದ್ ಅದನ್ನು ಖುಷಿಯಿಂದ ಬರೆಯಲಿಲ್ಲ. ಕೇಡು ಮಾಡಿದವರು ಬೀದಿಯಲ್ಲಿ ಹಾಯಾಗಿ ಓಡಾಡಬಹುದು ಅನ್ನುವಾಗ ಸಭ್ಯ ಮನುಷ್ಯರಿಗೆಲ್ಲ ತೀವ್ರ ಕಸಿವಿಸಿ ಆಗಲೇಬೇಕು ಎಂದು ಅವರೇ ಒಪ್ಪಿಕೊಂಡರು. ಕ್ಷಮೆ ಇಲ್ಲದಿದ್ದರೆ ಸತ್ಯವೂ ಸಿಗದು, ವರ್ಣಭೇದದಿಂದ ಪ್ರಜಾಪ್ರಭುತ್ವಕ್ಕೆ ಶಾಂತಿಯಿಂದ ಆದ ಬದಲಾವಣೆಯೂ ನಡೆಯುತ್ತಿರಲಿಲ್ಲ ಅನ್ನುವುದು ಅವರ ಕಾರಣ. ಕೊನೆಗೆ ಬಿಕೋ ಪ್ರಕರಣದ ಪೊಲೀಸರ ಕ್ಷಮೆಯ ಅರ್ಜಿ 1999ರಲ್ಲಿ ತಿರಸ್ಕೃತವಾಯಿತು, ಅದು ಬೇರೆ ಮಾತು.

ಮೊದಲ ಸಲ ಆ ಸಾಲು ಸಾಯಬೇಕಿದ್ದವರನ್ನು ಉಳಿಸಿತು. ಎರಡನೇ ಸಲ ನೊಂದವರಿಗೆ ಸುಮ್ಮನಿರಿ ಅಂದಿತು. ನನಗೆ ಎರಡನೆಯದು ಇವತ್ತಿಗೂ ಗಂಟಲಿಂದ ಇಳಿಯುವುದಿಲ್ಲ. ನಿನಗೆ ಬೇರೆ ಅನ್ನಿಸಬಹುದು, ಅನ್ನಿಸಲಿ. ಆದರೆ ಒಗ್ಗಟ್ಟಿನ ಬೆಲೆ ಯಾರ ಜೇಬಿನಿಂದ ಹೋಯಿತು ಅಂತ ಕೇಳದೆ ಉಬುಂಟುವನ್ನು ಹೊಗಳಿದರೆ ಅದು ಸುಮ್ನೆ ಶುಭಾಶಯ ಪತ್ರ ಅಷ್ಟೇ.

ಇನ್ನೊಂದು, ಕೀನ್ಯಾದ್ದು. ನೈರೋಬಿಯ ವಕೀಲ ಎಸ್. ಎಂ. ಒಟಿಯೆನೊ 1986ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರು ಲುವೋ ಜನಾಂಗದವರು, ಹೆಂಡತಿ ವಾಂಬುಯಿ ಕಿಕುಯು ಜನಾಂಗದವರು. ನೈರೋಬಿ ಹತ್ತಿರದ ನಮ್ಮ ಜಾಗದಲ್ಲೇ ಮಣ್ಣು ಮಾಡುತ್ತೇನೆ ಅಂದರು ವಾಂಬುಯಿ. ಹುಟ್ಟಿದೂರಿಗೇ ಹೆಣ ಬರಬೇಕು ಅಂದಿತು ಗಂಡನ ಕುಲ. ತಿಂಗಳುಗಟ್ಟಲೆ ಕೇಸು ನಡೆಯಿತು, ಹೆಣ ಶವಾಗಾರದಲ್ಲೇ ಇತ್ತು. 1987ರ ಮೇ ತಿಂಗಳಲ್ಲಿ ಕುಲದವರು ಗೆದ್ದು ಹುಟ್ಟೂರಿನ ಕಡೆಯ ಸಿಯಾಯಾದಲ್ಲಿ ಮಣ್ಣು ಮಾಡಿದರು.

ಕುಲದ ಪರ ಸಾಕ್ಷಿ ಹೇಳಿದವರಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕ ಒಡೆರಾ ಒರೂಕಾ ಕೂಡ ಇದ್ದರು! ಹಳ್ಳಿಯ ಹಿರಿಯರಲ್ಲಿ ಪದ್ಧತಿಯನ್ನು ಬರೀ ಒಪ್ಪಿಸುವವರು ಬೇರೆ, ಅದನ್ನೇ ಪ್ರಶ್ನಿಸಿ ಯೋಚಿಸುವವರು ಬೇರೆ ಅಂತ ವಿಂಗಡಿಸಿ, ಎರಡನೆಯವರನ್ನು ಹುಡುಕಿ ಮಾತಾಡಿಸಿದವರು ಇವರೇ. ಕಟಕಟೆಯಲ್ಲಿ ಮಾತ್ರ ಅವರನ್ನು ಕೇಳಿದ್ದು ಪದ್ಧತಿ ಏನು ಅಂತ. ಇದರ ಮೇಲೇ ಒಂದು ಲೇಖನ ಆಗುತ್ತದೆ, ಅಲ್ವಾ?

ಮನುಷ್ಯ ಸಮುದಾಯದೊಳಗೆ ಬೆಳೆಯುತ್ತ ಮನುಷ್ಯನಾಗುತ್ತಾನೆ, ಹುಟ್ಟಿದ ಕೂಡಲೇ ಅಲ್ಲ ಅಂದವರು ನೈಜೀರಿಯಾದ ತತ್ವಜ್ಞ ಮೆಂಕಿಟಿ. ಅದು ಅತಿಯಾಯಿತು, ಒಬ್ಬೊಬ್ಬರಿಗೂ ಸ್ವಂತ ವಿವೇಚನೆ, ಹಕ್ಕು ಇದೆ ಅಂದವರು ಘಾನಾದ ತತ್ವಜ್ಞ ಗ್ಯೆಕ್ಯೆ. ಇವರಿಬ್ಬರ ಜಗಳವನ್ನು ಒಟಿಯೆನೊ ಕೇಸಿನ ಪಕ್ಕದಲ್ಲಿ ಇಟ್ಟು ನೋಡು. ಪುಸ್ತಕದ ಮಾತಿಗೆ ತಾನಾಗೇ ರಕ್ತಮಾಂಸ ಬರುತ್ತದೆ.

ಎಲ್ಲವನ್ನೂ ಒಂದೇ ಲೇಖನಕ್ಕೆ ತುಂಬಬೇಡ, ಒಂದು ಕೇಸು ಸಾಕು. ‘ನಮ್ಮ ವಚನಕಾರರೂ ಇದನ್ನೇ ಹೇಳಿದ್ದಾರೆ’ ಅನ್ನುವ ಪ್ಯಾರಾ ತೆಗೆದುಹಾಕು. ಅವರು ಹೇಳಿದ್ದು ಇದನ್ನೇ ಅಲ್ಲ, ಕೇಳಿಸಿಕೊಂಡವರೂ ಬೇರೆ. ಬಿಕೋ ಮನೆಯವರ ಕೇಸಿನ ತೀರ್ಪು ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಇಂಗ್ಲಿಷ್ ಜಾಸ್ತಿ ಕಷ್ಟದ್ದಲ್ಲ. ಪೂರ್ತಿ ಓದಿದ ಮೇಲೆ ಹೊಸ ಕರಡು ಕಳಿಸು. ಈ ಸಲ ಅಕ್ಷರ ಸ್ವಲ್ಪ ದೊಡ್ಡದಿರಲಿ, ನನ್ನ ಕಣ್ಣು ಮೊದಲಿನ ಹಾಗಿಲ್ಲ.

ಪ್ರೀತಿಯಿಂದ,
ನಿನ್ನಕ್ಕ