ಬೀಗ ತೆಗೆ, ಆಮೇಲೆ ಮನವಿ ಬರೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಪತ್ರವನ್ನು ನಿನ್ನೆ ರಾತ್ರಿ ಎರಡು ಸಲ ಓದಿದೆ. ನಿಮ್ಮ ಶಾಲೆಯ ಗ್ರಂಥಾಲಯದ ಕೊಠಡಿಯನ್ನು ಸ್ಮಾರ್ಟ್ ಕ್ಲಾಸಿಗೆ ಬಿಟ್ಟುಕೊಟ್ಟು ಕಪಾಟುಗಳನ್ನು ಮೆಟ್ಟಿಲ ಕೆಳಗೆ ಸಾಗಿಸಬೇಕಂತೆ. ಮೇಲಧಿಕಾರಿಗಳಿಗೆ ಮನವಿ ಬರೆಯಲೇ ಎಂದು ಕೇಳಿದ್ದೀಯ. ಬರೆ, ಬೇಡ ಎನ್ನುವುದಿಲ್ಲ. ಆದರೆ ಅದಕ್ಕಿಂತ ಮೊದಲು ಎರವಲು ವಹಿಯನ್ನು ತೆರೆದು ನೋಡು. ಕಳೆದ ಆರು ತಿಂಗಳಲ್ಲಿ ಎಷ್ಟು ಮಕ್ಕಳ ಹೆಸರು ಅದರಲ್ಲಿದೆ?

ಕೇಳುವುದಕ್ಕೆ ಕಾರಣವಿದೆ. ನನ್ನ ಮೊದಲ ಶಾಲೆಯಲ್ಲಿ ಇಂಥದೇ ಮಾತು ಬಂದಾಗ ಶಿಕ್ಷಕರ ಸಭೆಯಲ್ಲಿ ಎದ್ದು ನಿಂತು ಓದಿನ ಮಹತ್ವದ ಬಗ್ಗೆ ಅರ್ಧ ಗಂಟೆ ಮಾತನಾಡಿದೆ. ಎಲ್ಲರೂ ತಲೆದೂಗಿದರು. ಮುಂದಿನ ವಾರ ಬಿಸಿಯೂಟದ ಅಕ್ಕಿ ಚೀಲಗಳು ಒಳಗೆ ಬಂದವು. ಬಹಳ ನೊಂದುಕೊಂಡೆ. ಆದರೆ ನಿಜ ಹೇಳಬೇಕೆಂದರೆ, ಆ ಕೊಠಡಿಯಿಂದ ಅಲ್ಲಿಯವರೆಗೆ ಯಾರಿಗೂ ಏನೂ ದಕ್ಕಿರಲಿಲ್ಲ. ಪುಸ್ತಕ ಕಳೆದರೆ ಸಂಬಳದಲ್ಲಿ ಹಿಡಿಯುತ್ತಾರೆ ಎಂಬ ಹೆದರಿಕೆಯಿಂದ ಕಪಾಟಿಗೆ ಬೀಗ ಹಾಕಿ ಕೀಲಿಕೈಯನ್ನು ನಾನೇ ಇಟ್ಟುಕೊಂಡಿದ್ದೆ. ಗಾಜಿನ ಹಿಂದಿನ ಪುಸ್ತಕಕ್ಕಾಗಿ ದನಿ ಎತ್ತುವವರು ಯಾರೂ ಇರಲಿಲ್ಲ.

ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕ ಇರುವುದು ಬಳಕೆಗೆ ಎಂಬುದು. ಪರೀಕ್ಷೆಗೆಂದು ನಾವಿಬ್ಬರೂ ಅದನ್ನು ಬಾಯಿಪಾಠ ಮಾಡಿದ್ದೆವು. ಅದೇ ವರ್ಷ ತಮಿಳುನಾಡಿನ ಮನ್ನಾರಗುಡಿಯಲ್ಲಿ ಎತ್ತಿನ ಗಾಡಿಯ ಗ್ರಂಥಾಲಯ ಹಳ್ಳಿಗಳತ್ತ ಹೊರಟಿತ್ತು. ಗಾಡಿಯ ಮೇಲೆ ಊರೂರು ಸುತ್ತುವ ಪುಸ್ತಕ ಹರಿಯದೆ, ಕಳೆಯದೆ ಇರುತ್ತದೆಯೇ?

ಈಗಿನ ಶಾಲೆಗೆ ಬಂದ ಮೊದಲ ತಿಂಗಳಲ್ಲೇ ಬೀಗ ತೆಗೆದೆ. ತೆಗೆಯುವ ಮುನ್ನ ಮುಖ್ಯ ಶಿಕ್ಷಕರ ಬಳಿ ಕುಳಿತು ನನ್ನ ಹೆದರಿಕೆಯನ್ನು ಹೇಳಿಕೊಂಡೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ, ವರ್ಷಕ್ಕೆ ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ, ಅದರಲ್ಲಿ ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇಲ್ಲದಿದ್ದರೆ, ಸಹಜ ನಷ್ಟವೆಂದು ಭಾವಿಸಬಹುದು ಎಂದಿದೆ. ನಮ್ಮಂಥ ಶಾಲೆಗಳಿಗೆ ಅದು ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಆ ಪುಟವನ್ನು ತೋರಿಸಿದೆ. ಅವರು ಓದಿ, ಅದೇ ಲೆಕ್ಕದಲ್ಲಿ ನಮ್ಮ ಶಾಲೆಗೊಂದು ಟಿಪ್ಪಣಿ ಬರೆದು ಸಹಿ ಹಾಕಿಕೊಟ್ಟರು. ನೀನೂ ಹೀಗೆಯೇ ಮಾಡು. ನಮ್ಮಂಥವರ ಕೈ ಕಟ್ಟಿಹಾಕಿರುವುದು ಈ ಭಯವೇ.

ಆಮೇಲಿನದು ಹಾವಿನ ಪುಸ್ತಕದ ಕಥೆ. ಏಳನೆಯ ತರಗತಿಯ ಹುಡುಗನೊಬ್ಬ, ತರಗತಿಯಲ್ಲಿ ಬಾಯಿ ಬಿಡದವನು, ಅದೊಂದೇ ಪುಸ್ತಕವನ್ನು ಮೂರು ಸಲ ಒಯ್ದಿದ್ದ. ವಹಿಯಲ್ಲಿ ಅವನ ಹೆಸರು ಮತ್ತೆ ಮತ್ತೆ ಕಂಡು ವಿಜ್ಞಾನದ ಮೇಡಂಗೆ ಹೇಳಿದೆ. ಅವರು ಅವನನ್ನು ಎಬ್ಬಿಸಿ ನಿಲ್ಲಿಸಿದರೆ ನಾಗರ, ಕಟ್ಟುಹಾವು, ಕೊಳಕುಮಂಡಲ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದನಂತೆ. ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಅವನ ತಾಯಿ ಬಂದಿದ್ದರು. ಹಿತ್ತಿಲಿನ ಸೌದೆ ರಾಶಿಯಲ್ಲಿ ಹಾವು ಕಂಡು ಮನೆಯವರು ದೊಣ್ಣೆ ಎತ್ತಿದಾಗ ಮಗ ಅಡ್ಡ ನಿಂತು, “ಇದು ಕೇರೆಹಾವು, ಇಲಿ ತಿನ್ನುತ್ತದೆ, ಹೊಡೆಯಬೇಡಿ” ಎಂದನಂತೆ. ಇದನ್ನು ಆ ತಾಯಿ ಕೈ ತೋರಿಸಿ ತೋರಿಸಿ ಹೇಳಿದರು. ಸಮಿತಿಯ ಅಧ್ಯಕ್ಷರು ನನ್ನ ಕಡೆ ತಿರುಗಿ, “ಆ ಪುಸ್ತಕ ತನ್ನಿ, ನೋಡೋಣ” ಎಂದರು. ಕೈಯಿಂದ ಕೈಗೆ ಹೋಗಿ ಅದು ನನಗೆ ಮರಳಿದ್ದು ಸಭೆ ಮುಗಿದ ಮೇಲೆ. ಅಂದು ನಾನು ಒಂದು ಮಾತೂ ಆಡಲಿಲ್ಲ.

ಅಂದಿನಿಂದ ತಿಂಗಳಿಗೊಂದು ಹಾಳೆ ಬರೆದು ಮುಖ್ಯ ಶಿಕ್ಷಕರ ಮೇಜಿನ ಮೇಲಿಡುತ್ತೇನೆ. ಯಾವ ತರಗತಿಗೆ ಎಷ್ಟು ಪುಸ್ತಕ ಹೋಯಿತು ಎಂಬ ಲೆಕ್ಕ, ಅದರ ಕೆಳಗೆ ಒಬ್ಬ ಹುಡುಗನದೋ ಹುಡುಗಿಯದೋ ಇಂಥ ಒಂದು ಸಂಗತಿ. ಒಂದೇ ಪುಟ, ಅದಕ್ಕಿಂತ ಹೆಚ್ಚು ಬೇಡ. ಸಹೋದ್ಯೋಗಿಗಳನ್ನೂ ಹೀಗೆಯೇ ಒಲಿಸಿಕೊಳ್ಳಬೇಕು. ಮುಂದಿನ ವಾರ ಯಾವ ಪಾಠ ಎಂದು ಕೇಳಿಕೊಂಡು, ಅದಕ್ಕೆ ಹೊಂದುವ ಪುಸ್ತಕವನ್ನು ಅವರು ಕೇಳುವ ಮೊದಲೇ ತಲುಪಿಸು.

ಕಾನೂನು ನಿನ್ನ ಕಡೆಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಪತ್ರಿಕೆಗಳ ಜೊತೆಗೆ ಕಥೆಪುಸ್ತಕಗಳೂ ಇರಬೇಕು ಎಂದು ಬರೆದಿದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಗಳಿಗೆ ಹಂತಕ್ಕೆ ತಕ್ಕಂತೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನವಿದೆ. ಆದರೆ ಕಾಯ್ದೆಯ ಪ್ರತಿ ಹಿಡಿದುಕೊಂಡೇ ಮುಖ್ಯ ಶಿಕ್ಷಕರ ಮುಂದೆ ನಿಲ್ಲಬೇಡ. ಅವರಿಗೂ ಕೊಠಡಿ ಸಾಲದ ಕಷ್ಟವಿದೆ. ಸ್ಮಾರ್ಟ್ ಬೋರ್ಡನ್ನು ಗ್ರಂಥಾಲಯದ ಒಂದು ಗೋಡೆಗೇ ಹಾಕಿ ವೇಳಾಪಟ್ಟಿ ಹಂಚಿಕೊಳ್ಳೋಣವೇ ಎಂದು ನೀನೇ ಮೊದಲು ಕೇಳು. ಆಗ ಗ್ರಂಥಾಲಯದ ಪೀರಿಯಡ್‌ಗಳೂ ವೇಳಾಪಟ್ಟಿಯಲ್ಲಿ ಬರುತ್ತವೆ. ಮಕ್ಕಳು ಬೇಕೆಂದ ಪುಸ್ತಕಗಳ ಪಟ್ಟಿಯನ್ನು ಈಗಲೇ ಸಿದ್ಧ ಮಾಡಿಡು. ಅನುದಾನ ಮಾರ್ಚ್ ಕೊನೆಗೆ ಬಂದರೆ ಅವಸರದಲ್ಲಿ ಸಿಕ್ಕಿದ್ದನ್ನು ಕೊಳ್ಳುವಂತಾಗುತ್ತದೆ, ಅದು ನನಗೆ ಸಹಿಸಲಾಗದ ಸಂಗತಿ.

ಆಗಸ್ಟ್ 12, ರಂಗನಾಥನ್ ಅವರ ಜನ್ಮದಿನವೆಂದು ಆಚರಿಸುವ ದಿನ, ಭಾವಚಿತ್ರಕ್ಕೆ ಹಾರ ಹಾಕಿದ ಮೇಲೆ ಮಕ್ಕಳ ಅಜ್ಜ ಅಜ್ಜಿಯರನ್ನು ಕರೆದು ಕೂರಿಸು. ಮಕ್ಕಳೇ ಒಂದೊಂದು ಪುಟ ಓದಿ ಹೇಳಲಿ. ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದವರನ್ನೂ ಮರೆಯದೆ ಕರೆ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ದಾಖಲಾತಿ ವಹಿ, ಎರವಲು ವಹಿ ಎರಡನ್ನೂ ತೆಗೆದಿಡು. ಹರಿದ ಪುಸ್ತಕಗಳಿಗೆ ಅಂಟು, ರಟ್ಟು ನಾನು ತರುತ್ತೇನೆ. ಕಪಾಟಿನ ಕೀಲಿಕೈ ಎಲ್ಲಿದೆ ಎಂದು ಅಷ್ಟರೊಳಗೆ ಹುಡುಕಿಡು.

ನಿನ್ನ ಗೆಳೆಯ