ಕಂಪ್ಯೂಟರ್ ಲ್ಯಾಬ್ ಸಂಜೆಯೂ ತೆರೆದಿರಲಿ

ಮಾನ್ಯ ಸಂಪಾದಕರೇ,

ನಾನು ಶಿವಮೊಗ್ಗದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಬರವಣಿಗೆ ಕಲಿಸುತ್ತೇನೆ. ಹೊಸನಗರ, ತೀರ್ಥಹಳ್ಳಿ, ಸೊರಬದ ಕಡೆಯಿಂದ ಬರುವ ಇವರಲ್ಲಿ ತುಂಬಾ ಜನ ಕನ್ನಡ ಮಾಧ್ಯಮದಲ್ಲಿ ಓದಿದವರು. ವಿಷಯ ಚೆನ್ನಾಗಿ ಗೊತ್ತು. ಪ್ರಾಜೆಕ್ಟ್ ವರದಿಯನ್ನು ಇಂಗ್ಲಿಷಿನಲ್ಲಿ ಬರೆಯಿರಿ ಅಂದರೆ ಮಾತ್ರ ಕೈ ಓಡುವುದಿಲ್ಲ.

ಮೊದಲೆಲ್ಲ ಅಸೈನ್‌ಮೆಂಟನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ಕೊಡುತ್ತಿದ್ದೆ. ಅವರು ಅಂಕ ನೋಡಿ ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದರು. ಈಗ ನಾಲ್ಕೈದು ಜನರ ಗುಂಪಿಗೆ ಒಂದು ಗೂಗಲ್ ಡಾಕ್ಸ್ ಫೈಲ್ ಮಾಡಿ ಲಿಂಕ್ ಕಳಿಸುತ್ತೇನೆ. ಎಲ್ಲರೂ ಒಂದೇ ಪುಟದಲ್ಲಿ ಬರೆಯುತ್ತಾರೆ. ಬರೆಯುತ್ತಿರುವಾಗಲೇ ತಿದ್ದಬಹುದು.

ಒಬ್ಬ ಹುಡುಗಿ ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ ಬರೆಯುತ್ತಿದ್ದಳು. ಮಲೆನಾಡಿನ ಎಲ್ಲ ತೋಟಗಳೂ ಹಾಳಾಗಿವೆ ಅಂತ ಶುರು ಮಾಡಿದಳು. ಪಕ್ಕದಲ್ಲಿ ಗೆಳತಿಯ ಕಾಮೆಂಟ್ ಬಂತು, ಅದೂ ಕನ್ನಡದಲ್ಲಿ: ‘ಎಲ್ಲ ತೋಟಾನೂ ನೋಡಿದ್ಯಾ? ಯಾವ ಊರು?’ ಇವಳು ಸಾಲು ಅಳಿಸಿ, ತಾನು ನೋಡಿದ ಎರಡು ಊರಿನ ಹೆಸರು ಹಾಕಿದಳು. ಯಾವ ತಿಂಗಳಲ್ಲಿ ನೋಡಿದ್ದು ಅಂತಲೂ ಸೇರಿಸಿದಳು. ನೋಡಿದಷ್ಟನ್ನೇ ಹೇಳಬೇಕು ಅನ್ನೋದನ್ನು ನಾನು ಬೋರ್ಡಿನ ಮೇಲೆ ಎಷ್ಟು ಬರೆದರೂ ಇಷ್ಟು ಚೆನ್ನಾಗಿ ನಾಟುತ್ತಿರಲಿಲ್ಲ.

ನಾನು ತಿದ್ದುವಾಗ ಸಜೆಶನ್ ಮೋಡ್‌ನಲ್ಲೇ ತಿದ್ದುತ್ತೇನೆ. ಹಳೆಯ ಸಾಲು ಹಾಗೇ ಉಳಿದು, ನನ್ನ ಸಲಹೆ ಬೇರೆ ಬಣ್ಣದಲ್ಲಿ ಕಾಣುತ್ತದೆ. ಒಪ್ಪುವುದು ಬಿಡುವುದು ಬರೆದವರಿಗೇ ಸೇರಿದ್ದು. ಕೆಲವರು ಒಪ್ಪದೆ ವಾದ ಮಾಡುತ್ತಾರೆ. ಅದು ನನಗೆ ಖುಷಿ. ಇನ್ನು ವರ್ಷನ್ ಹಿಸ್ಟರಿ ತೆರೆದರೆ ಯಾರು ಯಾವಾಗ ಏನು ಬರೆದರು ಅಂತ ಗೊತ್ತಾಗುತ್ತದೆ. ಒಬ್ಬರು ಬರೆದು ಐವರು ಹೆಸರು ಹಾಕುವುದು ಅಷ್ಟು ಸುಲಭವಲ್ಲ. ಎಐಯಿಂದ ತಂದು ಅಂಟಿಸಿದ ಪ್ಯಾರಾ ಕೂಡ ಒಮ್ಮೆಲೇ ಬಂದು ಕೂತಿರುತ್ತದೆ. ಹಾಗಂತ ಅದೊಂದನ್ನೇ ನೋಡಿ ಕಳ್ಳತನ ಅನ್ನಬಾರದು. ಬೇರೆ ಕಡೆ ಬರೆದುಕೊಂಡು ತಂದು ಹಾಕಿರಲೂಬಹುದು, ಕರೆದು ಕೇಳಬೇಕು.

ತೊಂದರೆ ಇರುವುದು ಬೇರೆ ಕಡೆ. ಎಷ್ಟೋ ಮಕ್ಕಳ ಹತ್ತಿರ ಲ್ಯಾಪ್‌ಟಾಪ್ ಇಲ್ಲ. ಫೋನಿನ ಸಣ್ಣ ಪರದೆಯಲ್ಲಿ ಇಡೀ ಅಧ್ಯಾಯ ಬರೆಯುವುದು ಹಿಂಸೆ. ಮಳೆಗಾಲದಲ್ಲಿ ಘಟ್ಟದ ಊರುಗಳಲ್ಲಿ ಕರೆಂಟ್ ಹೋದರೆ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಮೊದಲೇ ಆಫ್‌ಲೈನ್ ಆಯ್ಕೆ ಹಾಕಿಟ್ಟರೆ ನೆಟ್ ಇಲ್ಲದೆಯೂ ಬರೆಯಬಹುದು, ಸಿಗ್ನಲ್ ಬಂದ ಮೇಲೆ ಫೈಲಿಗೆ ಸೇರಿಕೊಳ್ಳುತ್ತದೆ. ಆದರೆ ಗೆಳೆಯರ ಕಾಮೆಂಟ್ ಅಲ್ಲಿಯವರೆಗೆ ಕಾಣಿಸುವುದಿಲ್ಲ ಅಲ್ವಾ? ಜೊತೆಗೆ ಕೂತು ಬರೆಯುವ ಲಾಭವೇ ಹೋಯಿತು.

ನಮ್ಮ ಕಾಲೇಜುಗಳಲ್ಲಿ ಕಂಪ್ಯೂಟರ್ ಇಲ್ಲ ಅಂತಲ್ಲ. ಕ್ಲಾಸ್ ಮುಗಿಯುತ್ತಿದ್ದ ಹಾಗೇ ಲ್ಯಾಬಿಗೆ ಬೀಗ ಬೀಳುತ್ತದೆ. ಹಾಸ್ಟೆಲ್‌ನಲ್ಲಿರುವ ಮಕ್ಕಳಿಗೆ ಬಿಡುವು ಸಿಗುವುದೇ ಆಮೇಲೆ. ಜಿಲ್ಲೆಯ ಕಾಲೇಜುಗಳು ವಾರದಲ್ಲಿ ಮೂರು ಸಂಜೆಯಾದರೂ ಏಳೂವರೆವರೆಗೆ ಲ್ಯಾಬ್ ತೆರೆದಿಡಲಿ, ನೋಡಿಕೊಳ್ಳಲು ಒಬ್ಬರನ್ನು ನೇಮಿಸಲಿ. ದೂರದಿಂದ ಬಂದು ಹೋಗುವವರಿಗೆ ಕೊನೆಯ ಬಸ್ಸಿನ ಚಿಂತೆ. ಅವರಿಗಾಗಿ ಶನಿವಾರ ಮಧ್ಯಾಹ್ನವೂ ತೆರೆಯಲಿ.

– ಇಂಗ್ಲಿಷ್ ಅಧ್ಯಾಪಕಿ, ಶಿವಮೊಗ್ಗ