ಹೊಸ ಬ್ಯಾಚ್: ಹಾಜರಿ ಲೆಕ್ಕ ಅಷ್ಟೇ ಸಾಲದು

ಎಲ್ಲರಿಗೂ ನಮಸ್ಕಾರ್ರೀ. ಇಳಕಲ್, ಗುಳೇದಗುಡ್ಡದ ಯುವಜನರ ತರಬೇತಿ ಶುರುವಾಗುವ ಮೊದಲೇ ಇದನ್ನು ಓದಿ. ಎಷ್ಟು ಜನ ಬಂದರು, ಎಷ್ಟು ಕ್ಲಾಸ್ ಆಯ್ತು ಅನ್ನೋದು ನಾವು ಮಾಡಿದ ಕೆಲಸದ ಲೆಕ್ಕ, ಹುಡುಗರಲ್ಲಿ ಆದ ಬದಲಾವಣೆ ಅಲ್ಲ. ಮೊದಲ ದಿನವೇ ಪ್ರತಿಯೊಬ್ಬರ ಹತ್ತಿರ ಕೂತು ಬರೆದುಕೊಳ್ಳಿ: ಬ್ಯಾಂಕಿನ ಚಲನ್ ತಾನೇ ತುಂಬುತ್ತಾಳಾ, ನಾಲ್ಕು ಜನರ ಮುಂದೆ ಮಾತಾಡ್ತಾನಾ, ಮಗ್ಗದಲ್ಲೇ ಮುಂದೆ ಬರಬೇಕಾ ಅಥವಾ ಬೇರೆ ಕೆಲಸ ಬೇಕಾ. ಇದಿಲ್ಲದಿದ್ದರೆ ಕೊನೆಗೆ ಯಾವುದಕ್ಕೆ ಹೋಲಿಸೋದು? ಅದೇ ಪ್ರಶ್ನೆ ತರಬೇತಿ ಮುಗಿದಾಗ, ಆರು ತಿಂಗಳಾದ ಮೇಲೆ ಮತ್ತೆ.

2014ರ ರಾಷ್ಟ್ರೀಯ ಯುವ ನೀತಿಯಲ್ಲಿ ಯುವಜನ ಅಂದರೆ 15ರಿಂದ 29 ವರ್ಷ. 16ರ ಹುಡುಗಿಗೂ 28ರ ತಾಯಿಗೂ ಒಂದೇ ಗುರಿ ಇಡಬೇಡಿ. ನಡುವೆ ಬಿಟ್ಟುಹೋದವರಿಗೂ ಫೋನ್ ಮಾಡಿ, ಅವರ ಉತ್ತರ ನನಗೆ ಜಾಸ್ತಿ ಮುಖ್ಯ. ಪ್ರಶ್ನೆಗಳ ಹಾಳೆ ಗುರುವಾರದೊಳಗೆ ಇಲ್ಲೇ ಹಾಕಿ.